ಹಾಶಿಮನ ಎದೆಯ ನೀಲಿ ಗೆರೆ

ನನ್ನ ಗಂಡ ಹಾಶಿಮ ದಾಂಡೇಲಿಯಲ್ಲಿ ಲಾರಿ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ಪ್ರತಿ ಶುಕ್ರವಾರ ಜುಮ್ಮಾ ನಮಾಜಿಗೆ ಮುಂಚೆ ಅವನ ಮೈಯ ಗ್ರೀಸನ್ನು ತಿಕ್ಕಿ ತೆಗೆಯುವವಳು ನಾನು. ಮಸೀದಿಯಲ್ಲಿ ಯಾರಾದರೂ ಅವನ ಕುತ್ತಿಗೆ ನೋಡಿ "ಇವನ ಹೆಂಡತಿ ಹಬೀಬಾ ಕೊಳಕಿ" ಅಂದರೆ ನಾನು ಸುಮ್ಮನಿರುವವಳಲ್ಲ.

ಅಂಥ ಗಟ್ಟಿ ಆಳಿನ ಹೃದಯದೊಳಗೆ ಕ್ಯಾನ್ಸರ್ ಗಡ್ಡೆ! ಲಕ್ಷಕ್ಕೊಬ್ಬರಿಗೂ ಬರದಂಥದು ಎಂದರು ಹುಬ್ಬಳ್ಳಿಯ ಡಾಕ್ಟರು. ಇವನಿಗೆ ಅದರಲ್ಲೂ ಜಂಬ.

"ಬಿಚ್ಚಿ ತಗದು ಒಗೀರಿ ಸಾಹೇಬ್ರ, ಎರಡ ತಾಸಿನ ಕೆಲಸ," ಅಂದ.

"ಹಾರ್ಟಿನ ಗ್ವಾಡಿಗೆ ಅಂಟಿಕೊಂಡೈತಿ, ಬಿಚ್ಚಾಕ ಬರಂಗಿಲ್ಲ. ಮೊದಲ ಕಿಮೊ, ಆಮ್ಯಾಲ ರೇಡಿಯೇಷನ್," ಅಂದರು ಡಾಕ್ಟರು.

ಕಿಮೊ ಮುಗಿಯುವಷ್ಟರಲ್ಲಿ ಮೀಸೆ ಹೋಯಿತು, ಜಂಬ ಹೋಗಲಿಲ್ಲ. ಆಮೇಲೆ ಟೆಕ್ನಿಷಿಯನ್ ನಿರ್ಮಲಾ ಅವನ ಎದೆಯ ಮೇಲೆ ನೀಲಿ ಗೆರೆ ಎಳೆದಳು. ಕಿರಣ ಬೀಳಬೇಕಾದ ಜಾಗಕ್ಕೆ ಅದೇ ಗುರುತು, ಅಳಿಸಬೇಡಿ ಎಂದು ನನಗೇ ಹೇಳಿದ್ದಳು. ಎರಡು ಶುಕ್ರವಾರ ಗೆರೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಮೂರನೆಯ ಶುಕ್ರವಾರ ಬೆಳಿಗ್ಗೆ ಮೈ ಹಗುರಾಗಿದೆ ಎಂದು ಗ್ಯಾರೇಜಿಗೆ ಹೋದವನು ಕುತ್ತಿಗೆ ತುಂಬ ಗ್ರೀಸು ಮೆತ್ತಿಕೊಂಡು ಬಂದ. ಎಷ್ಟು ತಿಂಗಳ ಮೇಲೆ ಕಂಡ ಗ್ರೀಸು! ಖುಷಿಯಲ್ಲಿ ಕೈ ಹಳೇ ರೂಢಿಯಂತೆ ಕುತ್ತಿಗೆಯಿಂದ ಎದೆವರೆಗೂ ತಿಕ್ಕಿಯೇ ಬಿಟ್ಟಿತು. ನೀರು ನೀಲಿಯಾಯಿತು, ಗೆರೆಯೇ ಹೋಗಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

"ಅಳಬ್ಯಾಡ. ಇಂಜಿನ್ ಬಿಚ್ಚೂ ಮುಂದ ಮಾರ್ಕ್ ಹಾಕಾಂವ ನಾನ ಅಲ್ಲೇನು?" ಎಂದು ಕನ್ನಡಿ ಮುಂದೆ ನಿಂತು ತಾನೇ ಗೆರೆ ಎಳೆದುಕೊಂಡ. ಜುಮ್ಮಾ ಮುಗಿಸಿ ರೇಡಿಯೇಷನ್ನಿಗೆಂದು ಹುಬ್ಬಳ್ಳಿ ಬಸ್ಸು ಹತ್ತಿದೆವು. ಹಳಿಯಾಳ ದಾಟುವಷ್ಟರಲ್ಲಿ ಎರಡು ಸಲ ಅವನ ಅಂಗಿ ಸರಿಸಿ ಗೆರೆ ನೋಡಿದೆ.

ಮಶಿನ್ ಕೋಣೆಯ ಬಾಗಿಲು ಮುಚ್ಚುವಾಗ ತಡೆಯಲಾಗಲಿಲ್ಲ. "ತಡೀರಿ ಬಾಯಾರ!" ಎಂದು ಕೂಗಿದೆ. "ಆ ಗೆರಿ ನಿಮ್ದಲ್ಲ. ನಾ ತೊಳದೇನಿ, ಇಂವಾ ಬರದಾನ!"

ನಿರ್ಮಲಾ ಅಳೆದು ನೋಡಿದಳು. ಒಂದು ಇಂಚು ಪಕ್ಕಕ್ಕಿತ್ತು. "ಚಲೋ ಜಾಗಾ ಸುಟ್ಟು, ಗಡ್ಡಿ ಹಂಗ ಉಳೀತಿತ್ತಲ್ರಿ ಯಜಮಾನ್ರ!" ಎಂದು ಬೈದಳು. ಮೊದಲ ಸಲ ಹಾಶಿಮ ತಲೆ ತಗ್ಗಿಸಿದ.

ಹೊಸದಾಗಿ ಗೆರೆ ಎಳೆಯಲು ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರು ಬಹಳ ಹೊತ್ತು ನೋಡಿದರು.

"ಗಡ್ಡಿ ಅರ್ಧಾ ಆಗೈತಿ," ಅಂದರು. "ಪೂರಾ ಹೋಗಿಲ್ಲ. ಆದರ ಕರಗಾಕತ್ತೈತಿ."

"ನೋಡಿದಿ? ನೀ ತೊಳದದ್ದ ಚಲೋ ಆತು," ಅಂದ ಹಾಶಿಮ. ನಾನು ಅತ್ತೆ, ಅಳುತ್ತಲೇ ಬೈದೆ.

ಮುಂದಿನ ಶುಕ್ರವಾರ ಹೊಸ ಗೆರೆಗಳ ತಂಟೆಗೆ ಹೋಗಲಿಲ್ಲ. ಕುತ್ತಿಗೆಯ ಗ್ರೀಸನ್ನೂ ಹಾಗೇ ಬಿಟ್ಟು ಮಸೀದಿಗೆ ಕಳಿಸಿದೆ. ಯಾರು ಬೇಕಾದರೂ ಕೊಳಕಿ ಅನ್ನಲಿ, ನನ್ನ ಗಂಡ ಕೆಲಸಕ್ಕೆ ಹೋಗಿ ಬಂದಿದ್ದಾನೆ.