ನಾನು ಬಿಟ್ಟ ಏಳನೇ ಪಾಠ

ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿರುವವಳು ನಾನು. ಯಾವ ಪಾಠಕ್ಕೆ ಮಕ್ಕಳು ಆಕಳಿಸುತ್ತಾರೆ, ಯಾವುದಕ್ಕೆ ಮುಸಿಮುಸಿ ನಗುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಹಾಗಾಗಿ ಈ ವರ್ಷ ಒಂಬತ್ತನೇ ತರಗತಿಯಲ್ಲಿ ಏಳನೇ ಪಾಠ ಹತ್ತಿರ ಬಂದಾಗ ನನಗೆ ಚಿಂತೆ ಹತ್ತಿತು. ಅದೊಂದು ಕಥೆ. ಒಬ್ಬ ತಾಯಿ ಬೆಳಿಗ್ಗೆ ಎದ್ದು, ಮಕ್ಕಳ ಬಟ್ಟೆ ಮಡಚಿಟ್ಟು, ಬೀಗದ ಕೈಯನ್ನು ಕಿಟಕಿಯಲ್ಲಿಟ್ಟು ಮನೆ ಬಿಟ್ಟು ಹೋಗುತ್ತಾಳೆ. ಯಾಕೆ ಎಂದು ಕಥೆ ಹೇಳುವುದಿಲ್ಲ.

ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುವವಳು ದರ್ಜಿಯ ಮಗಳು. ಅವಳ ತಾಯಿ ಮನೆ ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು. ವಿಷಯ ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ಬೆಂಚಿನವರ ನಾಲಿಗೆ ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಆ ಕಥೆ ಓದಿದರೆ ಸಾಕು, ಆ ಮಗುವನ್ನು ಹುರಿದು ಮುಕ್ಕುತ್ತಾರೆ. ಅವಳ ಮೇಲೆ ಒಂದು ಮಾತೂ ಬೀಳಲು ಬಿಡಬಾರದೆಂದು ತೀರ್ಮಾನಿಸಿದೆ.

“ಏಳನೇದು ಪರೀಕ್ಷೆಗೆ ಬರಲ್ಲ. ಎಂಟನೇದು ತೆಗೀರಿ,” ಎಂದೆ.

ಅವರಿಗೆ ಅಷ್ಟೇ ಬೇಕಿತ್ತು. ನಲವತ್ತು ಪುಸ್ತಕಗಳ ಹಾಳೆಗಳು ಒಟ್ಟಿಗೇ ಸರಿದವು. ದರ್ಜಿಯ ಮಗಳು ಮಾತ್ರ ಏಳನೇ ಪಾಠವನ್ನೇ ತೆರೆದಿಟ್ಟುಕೊಂಡು ಕೂತಿದ್ದಳು. ನಾನು ನೋಡಿಯೂ ನೋಡದವಳಂತೆ ಬೋರ್ಡಿನ ಕಡೆ ತಿರುಗಿದೆ. ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರಶ್ನೆಪತ್ರಿಕೆ ಬರುವುದು ಮೇಲಿನ ಕಚೇರಿಯಿಂದ. ನನ್ನ ದೊಡ್ಡ ಮನಸ್ಸು ಅವರಿಗೆ ಹೇಗೆ ಗೊತ್ತಾಗಬೇಕು? ಕೊನೆಯ ಪ್ರಶ್ನೆ, ಹತ್ತು ಅಂಕದ್ದು, ಏಳನೇ ಪಾಠದ್ದೇ: ಮಕ್ಕಳನ್ನು ಬಿಟ್ಟು ಹೋದ ಆ ತಾಯಿ ಮಾಡಿದ್ದು ಸರಿಯೇ?

ಪರೀಕ್ಷೆ ಮುಗಿದ ಗಂಟೆ ಹೊಡೆದ ಮೇಲೆ ಕೂಗಾಟ ಕೇಳಿ ಮೆಟ್ಟಿಲ ಬಳಿಗೆ ಓಡಿದೆ. ತರಗತಿಯ ಮಾನಿಟರ್ ಹುಡುಗಿ ದರ್ಜಿಯ ಮಗಳನ್ನು ಅಡ್ಡಗಟ್ಟಿ ನಿಂತಿದ್ದಳು.

“ನಿಮ್ಮಮ್ಮ ಓಡಿಹೋಗಿದ್ದಕ್ಕೇ ಮಿಸ್ ಆ ಪಾಠ ಬಿಟ್ಟಿದ್ದು! ನಮ್ಮ ಹತ್ತು ಮಾರ್ಕ್ಸ್ ನುಂಗಿದ್ದು ನೀನೇ!”

ಸುತ್ತ ಇಡೀ ತರಗತಿ ನೆರೆದಿತ್ತು. ಇಷ್ಟು ದಿನ ಯಾರೂ ಆಡದಿದ್ದ ಮಾತನ್ನು ನಾನೇ ಅವರ ಬಾಯಿಗೆ ಕೊಟ್ಟಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

“ತಪ್ಪು ನಂದು, ಅವಳದಲ್ಲ! ನಡೀರಿ ಎಲ್ರೂ!” ಎಂದು ಗದರಿದೆ. ತಿರುತಿರುಗಿ ನೋಡುತ್ತ ಹೋದರು.

ಅವಳನ್ನು ಖಾಲಿ ತರಗತಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

“ನಿಂಗೆ ನೋವಾಗಬಾರ್ದು ಅಂತ ಬಿಟ್ಟೆ ಕಣಮ್ಮ.”

“ಗೊತ್ತು ಮಿಸ್.”

“ಆ ಪ್ರಶ್ನೆಗೆ ಏನಾದ್ರೂ ಬರೆದ್ಯಾ?”

“ಪ್ರಶ್ನೆ ನಂಬರ್ ಹಾಕ್ದೆ, ಅಷ್ಟೇ.”

ಚೀಲದಿಂದ ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಏಳನೇ ಪಾಠದ ಹಾಳೆಗಳು ತಿರುವಿ ತಿರುವಿ ಮಾಸಿದ್ದವು. ಕಷ್ಟದ ಪದಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ ಅರ್ಥ ಬರೆದಿತ್ತು.

“ಮನೇಲಿ ಓದ್ಕೊಂಡೆ ಮಿಸ್. ಪದಗಳೆಲ್ಲ ಅರ್ಥ ಆಯ್ತು. ಅವಳು ಯಾಕೆ ಹೋದ್ಲು ಅಂತ ಮಾತ್ರ ಗೊತ್ತಾಗ್ಲಿಲ್ಲ. ನೀವು ಪಾಠ ಮಾಡ್ವಾಗ ಹೇಳ್ತೀರಿ ಅಂತ ಕಾಯ್ತಿದ್ದೆ.”

ಆ ಹಾಳೆಯ ಮೇಲೆ ಕೈಯಿಟ್ಟೆ. “ನಾಳೆ ಮೊದಲ್ನೇ ಪೀರಿಯಡ್‌ಗೇ ಮಾಡ್ತೀನಿ. ಎಲ್ಲರೂ ಕೂತು ಓದೋಣ.”

ಅವಳು ಪುಸ್ತಕ ಎಳೆದುಕೊಂಡು ಚೀಲಕ್ಕೆ ಹಾಕಿದಳು.

“ಬೇಡ ಮಿಸ್. ಆವತ್ತಾಗಿದ್ರೆ ಎಲ್ರೂ ಪುಸ್ತಕ ನೋಡ್ತಿದ್ರು. ಇನ್ಮೇಲೆ ನನ್ನೇ ನೋಡ್ತಾರೆ.”