ಕಾರ್ಲ್ ದೊರೆಯ ಆನಂದ

"ಬಗ್ಗಿ ಅಗೀರೋ ಬೋಳೀಮಕ್ಳಾ! ದೊರೆಯ ಹಂಸ ಈಜೋ ಕೊಳ ಇದು, ನಿಮ್ಮ ಹಂದಿ ಹೊರಳೋ ಗುಂಡಿ ಅಲ್ಲ!"

ಅಮಲ್ದಾರ ರೀಡೆಲ್‌ನ ಬಾಯಿ ನಮಗೆ ಹೊಸದಲ್ಲ. ದೊರೆಯ ಬೇಸಿಗೆ ಅರಮನೆಗೆ ನಾವು ಎರ್ಲೆನ್ ಊರಿನವರು ಮೂರು ವರ್ಷದಿಂದ ಬಿಟ್ಟಿ ದುಡಿಯುತ್ತಿದ್ದೆವು. ಆದರೆ ಅವತ್ತು ಮಧ್ಯಾಹ್ನ ಅದೇ ಬಾಯಿಂದ "ಅಣ್ಣಂದಿರಾ, ಅಕ್ಕಂದಿರಾ" ಎಂಬ ಮಾತು ಬಂತು. ಹಿಂದೆಯೇ ಒಂದು ಪೀಪಾಯಿ ಬಿಯರೂ ಬಂತು.

"ದೊರೆಗಳು ನಿಮ್ಮೂರಿಗೆ ಹೊಸ ಹೆಸರು ಕೊಟ್ಟಿದ್ದಾರೆ. ಇವತ್ತಿಂದ ಇದು ಕಾರ್ಲ್ಸ್‌ಫ್ರಾಯ್ಡ. ಎರ್ಲೆನ್ ಅನ್ನೋ ಊರು ಇನ್ನಿಲ್ಲ. ಕುಡೀರಿ!"

ಹಾಗಂದರೆ ಕಾರ್ಲ್ ದೊರೆಯ ಆನಂದ ಅಂತ ಅರ್ಥವಂತೆ! ಗಂಡಸರು ಮಗ್ಗು ಎತ್ತಿದರು. ನನ್ನ ಅತ್ತೆ ಅಪೊಲೋನಿಯಾ ಮುಟ್ಟಲಿಲ್ಲ.

"ನೀರು ಕೇಳಿದ್ರೆ ಉಗಿಯೋನು ಬಿಯರ್ ಕೊಡ್ತಾವ್ನೆ. ಏನೋ ಮಸಲತ್ತು ಐತೆ ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಆಮೇಲೆ ಗಟ್ಟಿಯಾಗಿ ಕೇಳಿದಳು: "ನಮ್ಮ ಕಾಡಿನ ಪತ್ರ ಏನಾಯ್ತದೆ ಸ್ವಾಮಿ?"

ಎರ್ಲೆನ್ ಜನ ಕಾಡಿನಲ್ಲಿ ಸೌದೆ ಆಯಬಹುದು, ಓಕ್ ಮರದಡಿ ಹಂದಿ ಮೇಯಿಸಬಹುದು ಎಂದು ಹಳೆಯ ದೊರೆ ಬರೆದುಕೊಟ್ಟ ಪತ್ರ ಅದು. ಅದಿಲ್ಲದಿದ್ದರೆ ಚಳಿಗಾಲದಲ್ಲಿ ನಮ್ಮ ಒಲೆ ಉರಿಯುವುದಿಲ್ಲ.

ರೀಡೆಲ್ ಹಲ್ಲು ಕಿರಿದ. "ಅದು ಎರ್ಲೆನ್‌ನವರ ಪತ್ರ. ಎರ್ಲೆನ್ ಎಲ್ಲಿದೆ ಮುದುಕಿ?"

ಎತ್ತಿದ ಮಗ್ಗುಗಳು ಅಲ್ಲೇ ನಿಂತವು. ಕುಡಿದವರು ನಮ್ಮ ಮುಖ ನೋಡಲಾರದೆ ನೆಲ ನೋಡಿದರು.

ಮಾರನೆಯ ಬೆಳಿಗ್ಗೆ ಕೊಳದ ದಂಡೆಯಲ್ಲಿ ಸಾಲಾಗಿ ನಿಂತೆವು. ಭಾನುವಾರ ದೊರೆ ಬರುವವನಿದ್ದ, ಕೊಳದ ಏರಿ ಇನ್ನೂ ಅರ್ಧವೇ ಮುಗಿದಿತ್ತು.

"ಕಾರ್ಲ್ಸ್‌ಫ್ರಾಯ್ಡದವರು ಕೆಳಗಿಳೀರಿ!"

ಯಾರೂ ಅಲುಗಲಿಲ್ಲ.

"ಕಿವುಡು ಮುಂಡೇವಾ, ನಿಮಗೇ ಹೇಳ್ತಿರೋದು!"

"ಆ ಊರೋರು ಇಲ್ಲಿ ಯಾರೂ ಇಲ್ಲ ಸ್ವಾಮಿ," ಅಂದಳು ಅತ್ತೆ. "ನಾವು ಎರ್ಲೆನ್‌ನೋರು. ಬಿಟ್ಟಿ ಬರ್ದಿರೋದೂ ಎರ್ಲೆನ್ ಹೆಸ್ರಲ್ಲೇ. ಊರೇ ಇಲ್ದಿದ್ಮೇಲೆ ಬಿಟ್ಟಿ ಎಲ್ಲಿಂದ ಬಂತು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರೀಡೆಲ್‌ನ ಬೆತ್ತ ಅತ್ತೆಯ ಕೆನ್ನೆ ಸೀಳಿತು.

"ಯಾವ ಊರು ನಿಂದು?"

"ಎರ್ಲೆನ್."

ಮತ್ತೆ ಬಿತ್ತು. ಅವಳು ಮಂಡಿಯೂರಿದಳು, ಮಾತು ಬದಲಿಸಲಿಲ್ಲ.

ಅವನು ನನ್ನ ಎದುರಿಗೆ ಬಂದ.

"ನಿಂದು?"

"ಎರ್ಲೆನ್."

ಏಟಿಗೆ ಕಣ್ಣು ಕತ್ತಲಿಟ್ಟಿತು. ನನ್ನ ಪಕ್ಕದವನನ್ನು ರೀಡೆಲ್ ಅದನ್ನೇ ಕೇಳುವುದು ಕೇಳಿಸಿತು. ಆ ಪಕ್ಕದವನಾಚೆ ಸಾಲಿನಲ್ಲಿ ಇನ್ನೂ ನಲವತ್ತು ಜನ ನಿಂತಿದ್ದರು.