ಬದಲಿ ಕಾಯಿ

ಒಂದು ಊರಿನ ಅರಮನೆಯಂಗಳದಲ್ಲಿ ಅರವತ್ನಾಲ್ಕು ಚಪ್ಪಡಿಗಳ ಚದುರಂಗವಿತ್ತು. ಅಲ್ಲಿ ಕಾಯಿಗಳೆಂದರೆ ಮನುಷ್ಯರೇ. ರಾಜನ ಮನೆಯಲ್ಲಿ ರಾಜನೇ ಖುದ್ದಾಗಿ ನಿಲ್ಲುತ್ತಿದ್ದ. ಹುಮ್ಮಸ್ಸು ಭಾರಿ, ಆಟ ಮಾತ್ರ ಅಷ್ಟಕ್ಕಷ್ಟೆ. ಮಂತ್ರಿಯ ಪಡೆಗೆ ಸೋತು ಸೋತು ಮುಖಭಂಗವಾದ ಮೇಲೆ ಅವನು ಹೊಸದೊಂದು ಕಾಯಿ ಹುಟ್ಟಿಸಿದ. ಹೆಸರು ಬದಲಿ. ಅದಕ್ಕೆ ಮನೆಯಿಲ್ಲ, ನಡೆಯಿಲ್ಲ. ರಾಜ ಸಿಕ್ಕಿಬಿದ್ದಾಗ ಅವನ ಪಡೆಯ ಒಬ್ಬ ಬದಲಿಯಾಗಿ ಸಾಯಬೇಕು, ಆಟ ಮುಂದುವರಿಯಬೇಕು. ಸಾಯುವುದೆಂದರೆ ಹೆಂಡಿರು ಮಕ್ಕಳನ್ನು ಬಿಟ್ಟು ಅಂದೇ ಗಡಿ ದಾಟುವುದು.

ರಾಜನಿಗೆ ನ್ಯಾಯವಂತ ಅನ್ನಿಸಿಕೊಳ್ಳುವ ಚಪಲ. ಹೆಸರು ತಾನು ಸೂಚಿಸಿದರೂ, ಪಡೆಯವರೆಲ್ಲ ಕೈಯೆತ್ತಿ ಒಪ್ಪಬೇಕೆಂದು ನಿಯಮ ಮಾಡಿದ.

ಬಡಗಿ ಬೀರೋಜ ಕಾಲಾಳುಗಳ ಸಾಲಿನಲ್ಲಿದ್ದ. ಮೊದಲ ಸಲ ಕೂಗಿದ ಹೆಸರು ಅವನ ಪಕ್ಕದ ನೇಕಾರ ಮುದ್ದಣ್ಣನದು. ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಬೀರೋಜ ಅತ್ತಿತ್ತ ನೋಡಿದ. ಎಲ್ಲರ ಕೈಯೂ ಮೇಲಿತ್ತು. ನಾನೊಬ್ಬ ಎತ್ತದಿದ್ದರೆ ಆಗುವುದೇನು ಎಂದುಕೊಂಡು ತಾನೂ ಎತ್ತಿದ.

ಮುದ್ದಣ್ಣ ನೋಡಿದ. "ಇರಲಿ ಬಿಡೋ, ಕೈ ಇಳಿಸು. ಎಷ್ಟೊತ್ತು ಹಂಗ ನಿಲ್ತಿ?" ಎಂದಷ್ಟೇ ಹೇಳಿ ಹೊರಟುಹೋದ.

ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಬೀರೋಜ ನೇಕಾರರ ಓಣಿ ತಪ್ಪಿಸಿ ಸುತ್ತುಬಳಸಿ ಓಡಾಡಿದ. ಆದರೆ ಕುಂಬಾರ ಹೋಗುವಾಗಲೂ, ಓಲಗದವನು ಹೋಗುವಾಗಲೂ ಕೈ ಎದ್ದೇ ಎದ್ದಿತು. ಬರಬರುತ್ತ ಅದು ಹೆಸರು ಕೇಳುವುದಕ್ಕೂ ಕಾಯದಾಯಿತು. ಮನಸ್ಸು ನಾಚುತ್ತಿತ್ತು, ಕೈಗೆ ನಾಚಿಕೆಯಿರಲಿಲ್ಲ.

ಪಡೆ ಬರಿದಾಗುತ್ತ ಬಂದಿತು. ಹೋದವರ ಜಾಗಕ್ಕೆ ಅವರ ಮನೆಯವರೇ ಬರಬೇಕೆಂದು ಆಜ್ಞೆಯಾಯಿತು. ಬೀರೋಜನ ಪಕ್ಕಕ್ಕೆ ಮುದ್ದಣ್ಣನ ಹೆಂಡತಿ ನೀಲವ್ವ ಬಂದು ನಿಂತಳು. ಅವನು ಅವಳ ಮುಖ ನೋಡಲಿಲ್ಲ.

ಅವತ್ತೇ ರಾಜ ಮತ್ತೆ ಸಿಕ್ಕಿಬಿದ್ದ. ಹೆಸರು ಕೂಗುವ ಡಂಗುರದವನು ಬಾಯಿ ತೆರೆಯುವಷ್ಟರಲ್ಲಿ ಬೀರೋಜನ ಕೈ ಮೇಲಿತ್ತು. ಆಮೇಲೆ ಹೆಸರು ಕೇಳಿಸಿತು. ಅವನದೇ!

ಸುತ್ತ ನೋಡಿದರೆ ಪಡೆಯಲ್ಲಿದ್ದ ಸ್ವಂತ ತಮ್ಮನೂ ಕೈಯೆತ್ತಿದ್ದ. ಎತ್ತದವಳು ನೀಲವ್ವ ಒಬ್ಬಳೇ. ಬೀರೋಜನಿಗೆ ಅದನ್ನು ತಾಳಲಾಗಲಿಲ್ಲ.

"ಎತ್ತವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ನನಗ ಇದು ತಕ್ಕದ್ದೇ."

"ನಿಮ್ಮನ್ನ ಓಡಿಸಿದ್ರ ನನ್ನ ಗಂಡ ತಿರುಗಿ ಬರ್ತಾನೇನು?" ಎಂದಳು ನೀಲವ್ವ.

ತೀರ್ಪುಗಾರ ಎಣಿಸಿದ. ಮತ್ತೊಮ್ಮೆ ಎಣಿಸಿದ. "ಒಂದು ಕೈ ಕಡಿಮೆ. ಬದಲಿ ಸಾಯುವಂತಿಲ್ಲ. ಪ್ರಭುಗಳು ಸೋತಿದ್ದಾರೆ."

ಎಲ್ಲರೂ ರಾಜನತ್ತ ನೋಡಿದರು. ರಾಜ ಪೇಟ ಸರಿಮಾಡಿಕೊಂಡ, ಆಕಳಿಸಿದ, ಊಟಕ್ಕೆ ಹೊರಟುಹೋದ. ಅಷ್ಟೇ.

ನೀಲವ್ವ ರಾಜ ಹೋದ ಬಾಗಿಲ ಕಡೆಗೇ ನೋಡುತ್ತಿದ್ದಳು. "ಅವತ್ತೂ ಒಂದು ಕೈ ಸಾಕಿತ್ತೇನಣ್ಣಾ?"

ಸಂಜೆಯೊಳಗೆ ಬೀರೋಜ ಗಡಿ ದಾಟಿದ್ದ. ಹೋಗೆಂದು ಅವನಿಗೆ ಯಾರೂ ಹೇಳಿರಲಿಲ್ಲ.